ಮೂಡಿಗೆರೆ ಕಡೆಯ ಹೋಂಸ್ಟೇ ವೆಬ್‌ಸೈಟ್ ಸರಿಮಾಡಿದ ದಿನ

ಕಾಫಿ ತೋಟದ ಹೋಂಸ್ಟೇಗೆ ವೆಬ್‌ಸೈಟ್ ಇದ್ದರೆ ಸಾಲದು, ಅದು ಅತಿಥಿಯ ಫೋನಿನಲ್ಲಿ ತೆರೆದುಕೊಳ್ಳಬೇಕು. ತೆರೆಯದಿದ್ದರೆ ಅವರು ಬುಕಿಂಗ್ ಆ್ಯಪ್‌ಗೆ ಹೋಗುತ್ತಾರೆ, ಅವರು ಕೊಟ್ಟ ದುಡ್ಡಿನಲ್ಲಿ ಒಂದು ಪಾಲು ಕಮಿಷನ್ ಆಗಿ ಹೋಗುತ್ತದೆ. ರೊಬಸ್ಟಾ ಕೊಯ್ಲು ಮುಗಿಯುತ್ತಾ ಬಂದು ಕಣದಲ್ಲಿ ಹಣ್ಣು ಒಣಗುತ್ತಿದ್ದ ಹೊತ್ತಿನಲ್ಲಿ ಮೂಡಿಗೆರೆ ತಾಲ್ಲೂಕಿನ ನಾಲ್ಕು ಕೋಣೆಯ ಹೋಂಸ್ಟೇ ಒಂದರ ವೆಬ್‌ಸೈಟನ್ನು ಅಲ್ಲೇ ಕೂತು ಸರಿಮಾಡಿದೆವು. ಈ ಕೆಲಸ ಬೆಂಗಳೂರಿನ ಫೈಬರ್ ಲೈನಿನಲ್ಲಿ ಕೂತು ಮಾಡುವಂಥದ್ದಲ್ಲ. ಅಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಅಂಗಳದಲ್ಲಿ ನಿಂತು ಮನೆಯವರ ಫೋನಿನಲ್ಲೇ ಹೋಮ್ ಪೇಜ್ ತೆರೆದೆವು. ಮೇಲೆ ತಾನಾಗಿ ಸರಿಯುವ ಫೋಟೋ ಸಾಲು, ಅದರಲ್ಲಿ ಹದಿನಾಲ್ಕು ಚಿತ್ರ, ಎಲ್ಲವೂ ಫೋನಿನಿಂದ ತೆಗೆದು ಹಾಗೆಯೇ ಏರಿಸಿದ್ದು. ಒಂದೊಂದೂ 4000 ಪಿಕ್ಸೆಲ್ ಅಗಲ, ಸುಮಾರು 5 ಎಂಬಿ. ಸೆಕೆಂಡಿಗೆ 1 ಮೆಗಾಬಿಟ್ ಬರುವ ನೆಟ್‌ವರ್ಕಿನಲ್ಲಿ 5 ಎಂಬಿಯ ಒಂದು ಚಿತ್ರ ಇಳಿಯಲು 40 ಸೆಕೆಂಡು ಬೇಕು. ಹಾಸನ ದಾಟಿ ಬೇಲೂರಿನ ದಾರಿಯಲ್ಲಿ ಕಾರಿನಲ್ಲಿ ಕೂತವರು ಅಷ್ಟು ಹೊತ್ತು ಕಾಯುವುದಿಲ್ಲ.

ಆ ಸಾಲನ್ನೇ ತೆಗೆದು ಒಂದೇ ಚಿತ್ರ ಉಳಿಸಿದೆವು. ಉಳಿದವು ಕೆಳಗೆ, ಓದುಗರು ಸ್ಕ್ರೋಲ್ ಮಾಡಿದಾಗ ಮಾತ್ರ ಇಳಿಯುವ ಹಾಗೆ ಲೇಜಿ ಲೋಡಿಂಗ್ ಇಟ್ಟೆವು. ಮೊದಲ ಚಿತ್ರಕ್ಕೆ ಮಾತ್ರ ಇದನ್ನು ಹಾಕಬಾರದು. ಹಾಕಿದರೆ ಬೇಗ ಕಾಣಬೇಕಾದ ಚಿತ್ರವೇ ತಡವಾಗುತ್ತದೆ. ಪ್ರತಿ ಚಿತ್ರವನ್ನೂ 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ, ವೆಬ್‌ಪಿ ಎಂಬ ಹಗುರ ಚಿತ್ರ ರೂಪದಲ್ಲಿ, ನೂರಕ್ಕೆ 75ರಿಂದ 80ರ ಗುಣಮಟ್ಟದಲ್ಲಿ ಉಳಿಸಿದರೆ ಸಾಮಾನ್ಯವಾಗಿ 150ರಿಂದ 250 ಕೆಬಿಯ ಆಸುಪಾಸಿಗೆ ಬರುತ್ತದೆ. ಫೋನಿಗೆಂದೇ 800 ಪಿಕ್ಸೆಲ್ಲಿನ ಇನ್ನೊಂದು ಪ್ರತಿ ಇಟ್ಟರೆ ಇನ್ನೂ ಹಗುರ. ಪುಟದ ಕೋಡಿನಲ್ಲಿ ಚಿತ್ರದ ಅಗಲ, ಎತ್ತರ ಎರಡನ್ನೂ ಬರೆಯಬೇಕು. ಇಲ್ಲದಿದ್ದರೆ ಚಿತ್ರ ಬಂದ ಕೂಡಲೇ ಕೆಳಗಿನ ಬಟನ್ ಜಾರಿ, ‘ಫೋನ್ ಮಾಡಿ’ ಎಂದು ಒತ್ತಲು ಹೋದ ಬೆರಳು ಬೇರೆ ಎಲ್ಲೋ ಬೀಳುತ್ತದೆ. ಗೂಗಲ್ ಹಾಕಿಕೊಟ್ಟಿರುವ ಅಳತೆ ಹೀಗಿದೆ: ಪುಟ ತೆರೆದಾಗ ಕಾಣುವ ಅತಿ ದೊಡ್ಡ ಅಂಶ 2.5 ಸೆಕೆಂಡಿನೊಳಗೆ ಬರಬೇಕು, ಈ ಜಾರುವಿಕೆಯ ಅಂಕ 0.1 ಮೀರಬಾರದು.

ಚಿತ್ರ ಕುಗ್ಗಿಸುವಾಗ ಎರಡು ತೊಂದರೆ ಬರುತ್ತವೆ. ಫೋನನ್ನು ಲಂಬವಾಗಿ ಹಿಡಿದು ತೆಗೆದ ಫೋಟೋ ಎಷ್ಟೋ ಸಲ ಅಡ್ಡಲಾಗಿಯೇ ದಾಖಲಾಗಿ, ‘ಇದನ್ನು ತಿರುಗಿಸಿ ತೋರಿಸು’ ಎಂಬ ಗುರುತು ಮಾತ್ರ ಫೈಲಿನೊಳಗೆ ಇರುತ್ತದೆ. ಗಾತ್ರ ಇಳಿಸುವ ಸಾಫ್ಟ್‌ವೇರ್ ಆ ಗುರುತನ್ನು ಅಳಿಸಿಬಿಟ್ಟರೆ ಮಂಚ ಗೋಡೆಗೆ ಅಂಟಿದಂತೆ ಕಾಣುತ್ತದೆ. ಮೊದಲು ತಿರುಗಿಸಿ, ಆಮೇಲೆ ಗುರುತು ಅಳಿಸಬೇಕು. ಇನ್ನೊಂದು, ಐಫೋನ್ ಫೋಟೋ ಉಳಿಸುವ ಎಚ್‌ಇಐಸಿ ಎಂಬ ರೂಪದ ಫೈಲು ಕ್ರೋಮ್‌ನಲ್ಲಿ ತೆರೆಯುವುದಿಲ್ಲ. ಜೆಪೆಗ್ ಅಥವಾ ವೆಬ್‌ಪಿ ಮಾಡಿಯೇ ಏರಿಸಬೇಕು.

ಯಾವ ಚಿತ್ರ ಎಂಬುದು ಗಾತ್ರಕ್ಕಿಂತ ದೊಡ್ಡ ಪ್ರಶ್ನೆ. ಮೊದಲು ಅಲ್ಲಿದ್ದದ್ದು ಹೆಬ್ಬೆ ಜಲಪಾತ ಮತ್ತು ಮುಳ್ಳಯ್ಯನಗಿರಿ. ಎರಡೂ ಆ ತೋಟದಲ್ಲಿಲ್ಲ. ಹೆಬ್ಬೆ ಇರುವುದು ಕೆಮ್ಮಣ್ಣುಗುಂಡಿ ಕಡೆ, ಮೂಡಿಗೆರೆಯಿಂದ ಹೋಗಿಬರಲು ಒಂದು ದಿನವೇ ಬೇಕು. ಆ ಜಾಗದಲ್ಲಿ ಮನೆಯ ಜಗಲಿ, ಕೋಣೆ, ಬಚ್ಚಲುಮನೆ, ಊಟದ ಮೇಜು ಬಂದವು. ಬಚ್ಚಲಿನ ಚಿತ್ರ ಹಾಕಲು ಹೋಂಸ್ಟೇಯವರು ಹಿಂಜರಿಯುತ್ತಾರೆ, ಆದರೆ ಮನೆಮಂದಿಯೊಂದಿಗೆ ಬರುವವರು ಮೊದಲು ಹುಡುಕುವುದೇ ಅದನ್ನು: ಕಮೋಡ್ ಯಾವುದು, ಗೀಸರೋ ಹಂಡೆಯೋ. ಕೋಣೆಯನ್ನು ಮೂಲೆಯಲ್ಲಿ ನಿಂತು, ಎದೆಯ ಎತ್ತರದಲ್ಲಿ ಫೋನ್ ಹಿಡಿದು, ಬೆಳಗ್ಗೆ ಕಿಟಕಿ ತೆರೆದು ತೆಗೆಯಬೇಕು. 0.5 ಎಂಬ ಅಗಲ ಲೆನ್ಸ್ ಬೇಡ. ಹತ್ತಡಿಯ ಕೋಣೆ ಅದರಲ್ಲಿ ಹಜಾರದ ಹಾಗೆ ಕಾಣುತ್ತದೆ, ಬಂದವರು ಬಾಗಿಲಲ್ಲೇ ಮುಖ ಸಣ್ಣ ಮಾಡುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ದಾರಿಯ ಮಾತು ಬಂತು. ಮನೆಯ ಯಜಮಾನಿ ಹೇಳಿದ್ದು: ‘ಗೂಗಲ್ ನಂಬ್ಕೊಂಡು ಬಂದೋರೆಲ್ಲ ಪಕ್ಕದ ತೋಟದ ಲೈನ್ ಮನೆ ಹತ್ರ ಹೋಗಿ ನಿಂತ್ಕೋತಾರೆ. ಅಲ್ಲಿಂದ ಫೋನ್ ಮಾಡೋಣ ಅಂದ್ರೆ ಟವರ್ ಇಲ್ಲ.’ ಕಾರಣ ಸುಲಭವಾಗಿ ಸಿಕ್ಕಿತು. ಮ್ಯಾಪಿನ ಪಿನ್ ಮನೆಯ ಮಾಡಿನ ಮೇಲಿತ್ತು. ತೋಟದ ಸ್ವಂತ ದಾರಿ ಮ್ಯಾಪಿನಲ್ಲಿಲ್ಲ, ಹಳ್ಳದಾಚೆಯ ಪಕ್ಕದ ತೋಟದ ಜೀಪ್ ದಾರಿ ಇದೆ. ಮ್ಯಾಪ್ ತನಗೆ ಗೊತ್ತಿರುವ ರಸ್ತೆಗಳಲ್ಲಿ ಪಿನ್ನಿಗೆ ಹತ್ತಿರವಾದದ್ದಕ್ಕೆ ಕರೆದುಕೊಂಡು ಹೋಗಿ ‘ತಲುಪಿದಿರಿ’ ಎನ್ನುತ್ತದೆ. ನಡುವೆ ಹಳ್ಳ ಇದೆಯೆಂದು ಅದಕ್ಕೆ ತಿಳಿಯದು. ಪಿನ್ನನ್ನು ಡಾಂಬರು ರಸ್ತೆಗೆ ಸೇರುವ ಗೇಟಿಗೆ ಎಳೆದೆವು. ಗೇಟಿನಲ್ಲೇ ನಿಂತು ಫೋನಿನ ಮ್ಯಾಪನ್ನು ಒತ್ತಿ ಹಿಡಿದರೆ ಅಕ್ಷಾಂಶ, ರೇಖಾಂಶ ಸಿಗುತ್ತದೆ. ಅದನ್ನೇ ಗೂಗಲ್ ಬಿಸಿನೆಸ್ ಪ್ರೊಫೈಲಿಗೂ (ಗೂಗಲ್ ಮ್ಯಾಪಿನಲ್ಲಿ ಹೋಂಸ್ಟೇಯ ವಿವರ ತೋರಿಸುವ ಖಾತೆ) ವೆಬ್‌ಸೈಟಿಗೂ ಹಾಕಬೇಕು. ಪ್ರೊಫೈಲಿನ ಬದಲಾವಣೆ ಪರಿಶೀಲನೆಯಾಗಿ ಕಾಣಿಸಿಕೊಳ್ಳಲು ಸಮಯ ಹಿಡಿಯಬಹುದು.

ಪುಟದಲ್ಲಿ ತಾನಾಗಿ ತೆರೆಯುತ್ತಿದ್ದ ಮ್ಯಾಪನ್ನೂ ತೆಗೆದೆವು, ಅದು ಭಾರ. ಬದಲಿಗೆ ಒಂದು ‘ದಾರಿ ತೋರಿಸು’ ಬಟನ್, ಅದರ ಕೆಳಗೆ ಅಕ್ಷರದಲ್ಲಿ ದಾರಿ. ಬೆಂಗಳೂರಿನಿಂದ ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ. ಮಂಗಳೂರು ಕಡೆಯಿಂದ ಉಜಿರೆ, ಚಾರ್ಮಾಡಿ, ಕೊಟ್ಟಿಗೆಹಾರ, ಮೂಡಿಗೆರೆ. ಮಳೆಗಾಲದಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಜರಿದು ದಾರಿ ನಿಲ್ಲುವುದುಂಟು, ಹೊರಡುವ ಮೊದಲು ಕೇಳಿಕೊಳ್ಳಿ ಎಂಬ ಸಾಲನ್ನೂ ಸೇರಿಸಿದೆವು. ಕೊನೆಯ ಮೂರು ಕಿಲೋಮೀಟರಿಗೆ ಬಸ್ ಸ್ಟ್ಯಾಂಡು, ಸೇತುವೆ, ಹಾಲಿನ ಡೇರಿ ಇಂಥ ಗುರುತು. ಜೂನ್‌ನಿಂದ ಸೆಪ್ಟೆಂಬರ್ ತನಕ ನೆಲಕ್ಕೆ ತಗ್ಗಾಗಿರುವ ಕಾರು ಗೇಟಿನಲ್ಲೇ ನಿಲ್ಲಬೇಕು, ಅಲ್ಲಿಂದ ಮನೆಯ ಜೀಪು. ಇಂಬಳ (ಜಿಗಣೆ) ಇರುತ್ತದೆ, ಕರೆಂಟ್ ಹೋಗುತ್ತದೆ, ಫೋನ್ ಸಿಗುವುದು ಜಗಲಿಯ ಒಂದು ತುದಿಯಲ್ಲಿ. ಇಷ್ಟನ್ನು ಬರೆದರೆ ಜನ ಬರುವುದಿಲ್ಲ ಎಂಬ ಹೆದರಿಕೆ ಹಲವರಿಗಿದೆ. ನಮ್ಮ ಅಭಿಪ್ರಾಯದಲ್ಲಿ ಇದನ್ನು ಓದಿಯೂ ಬರುವವರೇ ಮಲೆನಾಡಿನ ಮಳೆಯಲ್ಲಿ ಸಂತೋಷವಾಗಿ ಇರುವವರು.

ದರದ ಪುಟ ಚಿಕ್ಕದು: ತಲೆಗೆ ಎಷ್ಟು, ಅದರಲ್ಲಿ ಯಾವ ಯಾವ ಊಟ ಸೇರಿದೆ, ಮಕ್ಕಳಿಗೆ ಎಷ್ಟು, ಡ್ರೈವರ್‌ಗೆ ಮಲಗಲು ಜಾಗ ಇದೆಯೇ, ಮುಂಗಡ ಯಾವಾಗ ವಾಪಸ್. ‘ದರಕ್ಕೆ ಕರೆ ಮಾಡಿ’ ಎಂದು ಬರೆಯುವುದು ಬೇಡವೇ ಬೇಡ.

ವಿಚಾರಣೆಯ ಫಾರ್ಮಿನಲ್ಲಿ ಹನ್ನೊಂದು ಖಾನೆ ಇದ್ದವು. ಬರುವ ದಿನ, ಎಷ್ಟು ರಾತ್ರಿ, ಎಷ್ಟು ಜನ, ಫೋನ್ ನಂಬರ್, ಮೇಲ್ ವಿಳಾಸ, ಇಷ್ಟೇ ಉಳಿಸಿದೆವು. ಅದಕ್ಕಿಂತ ಮುಖ್ಯವಾದ ತೊಂದರೆ ಒಳಗಿತ್ತು. ಮನೆಯವರ ಸ್ಪ್ಯಾಮ್ ಫೋಲ್ಡರ್ ತೆರೆದರೆ ವಿಚಾರಣೆಗಳೆಲ್ಲ ಅಲ್ಲಿ ಬಿದ್ದಿದ್ದವು. ಫಾರ್ಮ್ ಕಳಿಸುವ ಮೇಲ್‌ನಲ್ಲಿ ‘ಇಂದ’ ಎಂಬ ಜಾಗದಲ್ಲಿ ಅತಿಥಿಯ ಜಿಮೇಲ್ ವಿಳಾಸ ಹಾಕಿದ್ದರು. ಜಿಮೇಲ್ ವಿಳಾಸದ ಹೆಸರಿನಲ್ಲಿ ಬೇರೆ ಸರ್ವರ್ ಮೇಲ್ ಕಳಿಸಿದರೆ ಅದು ನಕಲಿ ಎಂದೇ ಲೆಕ್ಕ. ‘ಇಂದ’ ಜಾಗದಲ್ಲಿ ವೆಬ್‌ಸೈಟಿನ ಸ್ವಂತ ಡೊಮೇನಿನ (ಇಂಟರ್ನೆಟ್ಟಿನಲ್ಲಿ ವೆಬ್‌ಸೈಟಿನ ಹೆಸರು) ಮೇಲ್ ವಿಳಾಸ, ‘ಉತ್ತರ ಇವರಿಗೆ’ ಜಾಗದಲ್ಲಿ ಅತಿಥಿಯ ವಿಳಾಸ ಹಾಕಿ, ಮೇಲ್ ನಿಜಕ್ಕೂ ಆ ಡೊಮೇನಿನದೇ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್ ದಾಖಲೆಗಳನ್ನು ಡೊಮೇನಿಗೆ ಸೇರಿಸಿದ ಮೇಲೆ ಪರೀಕ್ಷೆಯ ಮೇಲ್ ನೇರ ಇನ್‌ಬಾಕ್ಸಿಗೆ ಬಂತು. ಜೊತೆಗೆ ವಾಟ್ಸ್ಆ್ಯಪ್ ಬಟನ್. ಅದರ ಕೊಂಡಿಯಲ್ಲಿ ನಂಬರ್ 91ರಿಂದ ಶುರುವಾಗಬೇಕು, ಮುಂದೆ ಪ್ಲಸ್ ಚಿಹ್ನೆಯಾಗಲಿ ಸೊನ್ನೆಯಾಗಲಿ ಇರಬಾರದು.

ಕನ್ನಡ ಪುಟದಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತಿದ್ದವು. ಇಂಗ್ಲಿಷಿಗೆಂದು ಇಟ್ಟ ಸಾಲಿನ ಅಂತರ, ಅಂದರೆ ಅಕ್ಷರದ ಗಾತ್ರದ 1.3 ಪಟ್ಟು, ಕನ್ನಡಕ್ಕೆ ಸಾಲದು, 1.7 ಮಾಡಿದರೆ ಓದಲು ಹಿತ.

ಖಾಲಿ ದಿನಗಳ ಕ್ಯಾಲೆಂಡರನ್ನು ಬುಕಿಂಗ್ ಆ್ಯಪ್‌ಗಳ ಜೊತೆ ಕ್ಯಾಲೆಂಡರ್ ಹಂಚಿಕೊಳ್ಳುವ ಐಕ್ಯಾಲ್ ಎಂಬ ಕೊಂಡಿಯಿಂದ ಜೋಡಿಸಿದೆವು. ಎರಡೂ ಕಡೆಯಿಂದ ಜೋಡಿಸಬೇಕು: ಆ್ಯಪಿನದು ವೆಬ್‌ಸೈಟಿಗೆ, ವೆಬ್‌ಸೈಟಿನದು ಆ್ಯಪಿಗೆ. ಇದು ಆ ಕ್ಷಣಕ್ಕೆ ಆಗುವುದಲ್ಲ, ಗಂಟೆಗಳ ಅಂತರದಲ್ಲಿ ನವೀಕರಣವಾಗುತ್ತದೆ. ಹಾಗಾಗಿ ಸಾಲು ರಜೆಯ ವಾರಾಂತ್ಯಗಳಲ್ಲಿ ಒಂದೇ ಕೋಣೆ ಇಬ್ಬರಿಗೆ ಹೋಗದಂತೆ, ಫೋನಿನಲ್ಲಿ ಒಪ್ಪಿಕೊಂಡ ಕೂಡಲೇ ಕೈಯಿಂದಲೇ ದಿನ ಮುಚ್ಚುವುದು ಕ್ಷೇಮ.

ಸಂಜೆ ಕೊನೆಗೆ ನೋಡಿದ್ದು ಡೊಮೇನ್ ಯಾರ ಹೆಸರಿನಲ್ಲಿದೆ ಎಂದು. ಮೊದಲು ವೆಬ್‌ಸೈಟ್ ಮಾಡಿಕೊಟ್ಟವರು ಅದನ್ನು ತಮ್ಮ ಖಾತೆಯಲ್ಲೇ ಕೊಂಡಿದ್ದರು. ನವೀಕರಣದ ಎಚ್ಚರಿಕೆ ಮೇಲ್ ಹೋಗುವುದೂ ಅವರಿಗೇ. ಅವರು ಮರೆತರೆ ಹೆಸರು ಕೈತಪ್ಪುತ್ತದೆ. ಡಾಟ್ ಕಾಮ್ ವಿಳಾಸವಾದರೆ ಲಾಕ್ ತೆಗೆಸಿ ವರ್ಗಾವಣೆ ಕೋಡ್ ಕೇಳಿ ಪಡೆಯಬೇಕು. ಹೊಸದಾಗಿ ಕೊಂಡ ಹೆಸರಾದರೆ ಸಾಮಾನ್ಯವಾಗಿ ಮೊದಲ 60 ದಿನ ಡೊಮೇನ್ ಮಾರುವ ಬೇರೆ ಕಂಪನಿಗೆ ವರ್ಗಾವಣೆ ಆಗುವುದಿಲ್ಲ. ಯಜಮಾನಿಯ ಹೆಸರಿನಲ್ಲಿ ಖಾತೆ ತೆರೆದು, ಒಟಿಪಿ ಅವರ ಫೋನಿಗೇ ಬರುವಂತೆ ಮಾಡಿ, ಕೋಡ್ ಕೇಳುವ ಮೇಲನ್ನು ಅವರಿಂದಲೇ ಕಳಿಸಿಸಿದೆವು.