ಉಪ್ಪಿನಲ್ಲಿಟ್ಟ ಕೇಪರ್: ನೆನೆಸುವಾಗಲೇ ಶುರುವಾಗುವ ಉಪ್ಪಿನ ಲೆಕ್ಕ

ಇಟಾಲಿಯನ್ ಅಡುಗೆ ಮಾಡುವ ಹೋಟೆಲಿಗೆ ಹೊಸದಾಗಿ ಸೇರಿದವರು ಹೆಚ್ಚು ಎಡವುವುದು ಉಪ್ಪಿನಲ್ಲಿಟ್ಟ ಕೇಪರ್, ಅಂದರೆ ಕೇಪರ್ ಗಿಡದ ಅರಳದ ಹೂಮೊಗ್ಗಿನ ವಿಷಯದಲ್ಲಿ. ಮೊದಲ ದಿನ ನಲ್ಲಿ ಕೆಳಗೆ ಹಿಡಿದು ಹಾಗೇ ಸಾಸಿಗೆ ಹಾಕುತ್ತಾರೆ, ತಟ್ಟೆ ವಾಪಸ್ ಬರುತ್ತದೆ. ಮರುದಿನ ಹೆದರಿ ರಾತ್ರಿಯಿಡೀ ನೆನೆಸುತ್ತಾರೆ, ಮೊಗ್ಗು ಸಪ್ಪೆಯಾಗಿ ಹುಲ್ಲಿನ ರುಚಿಗೆ ತಿರುಗುತ್ತದೆ. ಎರಡಕ್ಕೂ ಕಾರಣ ಒಂದೇ: ಆ ಉಪ್ಪನ್ನು ತೊಳೆದು ಚೆಲ್ಲುವ ವಸ್ತು ಎಂದುಕೊಳ್ಳುವುದು. ಎಷ್ಟು ಉಪ್ಪು ತೆಗೆಯಬೇಕು, ಎಷ್ಟು ಉಳಿಸಬೇಕು ಎಂಬುದನ್ನು ಮಾಡಲಿರುವ ಅಡುಗೆ ನೋಡಿ ತೀರ್ಮಾನಿಸಬೇಕು.

ಕರಾವಳಿಯಲ್ಲಿ ಮಳೆಗಾಲಕ್ಕೆಂದು ಭರಣಿಯಲ್ಲಿಟ್ಟ ಉಪ್ಪುಸೊಳೆಯನ್ನು (ಉಪ್ಪಿನಲ್ಲಿಟ್ಟ ಹಲಸಿನ ಸೊಳೆ) ಪಲ್ಯಕ್ಕೆ, ರೊಟ್ಟಿಗೆ ತೆಗೆಯುವವರಿಗೆ ಈ ಕೆಲಸ ಹೊಸದಲ್ಲ. ಸೊಳೆ ಹಿಂಡಿ, ನೀರು ಬದಲಿಸಿ, ಒಂದು ಚೂರು ಬಾಯಿಗೆ ಹಾಕಿ ನೋಡಿದ ಮೇಲೇ ಒಲೆಗೆ ಏರಿಸುತ್ತಾರೆ. ಕೇಪರಿಗೂ ಅದೇ ಕೈ ಬೇಕು.

ಸಿಸಿಲಿ ಮತ್ತು ಟ್ಯುನೀಶಿಯಾ ನಡುವಿನ ಪಾಂತೆಲ್ಲೆರಿಯಾ ದ್ವೀಪದ ಕೇಪರಿಗೆ 1996ರಲ್ಲೇ ಯುರೋಪಿಯನ್ ಒಕ್ಕೂಟದ ಭೌಗೋಳಿಕ ಗುರುತು ಸಿಕ್ಕಿದೆ. ಅಲ್ಲಿ ಅರಳದ ಮೊಗ್ಗನ್ನು ಕಿತ್ತು, ತೂಕದ ಸುಮಾರು 40% ಸಮುದ್ರದ ಉಪ್ಪು ಬೆರೆಸಿ ಹತ್ತು ದಿನ ಇಡುತ್ತಾರೆ. ಬಿಟ್ಟ ನೀರು ಬಸಿದು, 20–25% ಹೊಸ ಉಪ್ಪಿನಲ್ಲಿ ಮತ್ತೆ ಹತ್ತು ದಿನ. ಹಸಿ ಮೊಗ್ಗು ಬರೀ ಕಹಿ. ಈ ದಿನಗಳಲ್ಲೇ ಕಹಿ ಇಳಿದು, ಸಾಸಿವೆಗೆ ಹತ್ತಿರದ ಖಾರ, ಹೂವಿನ ಘಮ ಏಳುತ್ತದೆ. ಸಾಸಿವೆಯನ್ನು ನೆನಪಿಸುವುದು ಆಕಸ್ಮಿಕವಲ್ಲ: ಕೇಪರಿನಲ್ಲಿರುವ ಗ್ಲುಕೋಕ್ಯಾಪರಿನ್ ಎಂಬ ವಸ್ತು ಒಡೆದಾಗ ಬರುವುದೂ ಸಾಸಿವೆ ಎಣ್ಣೆಯ ಜಾತಿಯದೇ. ಅದು ಬಿಸಿಗೆ ಬೇಗ ಹಾರಿಹೋಗುತ್ತದೆ. ಈ ಮಾತು ಮುಂದೆ ಬೇಕಾಗುತ್ತದೆ.

ನೆನೆಸುವ ಕ್ರಮ ಹೀಗೆ. ಜರಡಿಯಲ್ಲಿ ಅಲ್ಲಾಡಿಸಿ ಒಣ ಉಪ್ಪು ಉದುರಿಸಿ, ಹರಿಯುವ ನೀರಿನಲ್ಲಿ ಅರ್ಧ ನಿಮಿಷ ತೊಳೆಯಿರಿ. ಆಮೇಲೆ 100 ಗ್ರಾಂ ಕೇಪರಿಗೆ ಕನಿಷ್ಠ ಒಂದು ಲೀಟರ್ ತಣ್ಣೀರು. ಹೆಚ್ಚಿನವರು ತಪ್ಪುವುದು ಇಲ್ಲೇ. ಸಣ್ಣ ಬಟ್ಟಲಿನಲ್ಲಿ ಮುಳುಗುವಷ್ಟೇ ನೀರು ಹಾಕಿದರೆ ಹತ್ತು ನಿಮಿಷದಲ್ಲಿ ಅದೇ ಉಪ್ಪುನೀರಾಗುತ್ತದೆ, ಮುಂದೆ ಒಂದು ಗಂಟೆ ಇಟ್ಟರೂ ಮೊಗ್ಗಿನೊಳಗಿನ ಉಪ್ಪು ಹೊರಬರುವುದಿಲ್ಲ. 7–8 ಮಿಲಿಮೀಟರಿನ ಸಣ್ಣ ಮೊಗ್ಗಿಗೆ 15–20 ನಿಮಿಷ, ನಡುವೆ ಒಮ್ಮೆ ನೀರು ಬದಲಿಸಿದರೆ ಸಾಕು. 10 ಮಿಲಿಮೀಟರಿಗಿಂತ ದಪ್ಪದ್ದಕ್ಕೆ 40 ನಿಮಿಷದಿಂದ ಒಂದು ಗಂಟೆ, ಎರಡು ಮೂರು ಸಲ ಹೊಸ ನೀರು. ಬಿಸಿನೀರು ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ಘಮವೂ ಜೊತೆಗೇ ಹೋಗುತ್ತದೆ, ಮೊಗ್ಗು ಮೆತ್ತಗಾಗುತ್ತದೆ.

ಗಡಿಯಾರವನ್ನಷ್ಟೇ ನಂಬಬೇಡಿ. ಇದ್ದುದರಲ್ಲಿ ದಪ್ಪನೆಯ ಮೊಗ್ಗು ಆರಿಸಿ, ನಡುವಿಗೆ ಕಚ್ಚಿ ನೋಡಿ. ಹೊರಪದರ ಹದವಾಗಿದ್ದರೂ ಒಳಗೆ ಉಪ್ಪು ಹಾಗೇ ಇರಬಹುದು. ನೀರು ರುಚಿ ನೋಡಿದರೆ ಏನೂ ತಿಳಿಯದು.

ಯಾವ ಅಡುಗೆಗೆ ಎಂಬುದೂ ಅಷ್ಟೇ ಮುಖ್ಯ. ಪಾಂತೆಲ್ಲೆರಿಯಾದ ಆಲೂಗಡ್ಡೆ ಸಲಾಡಿನಂಥ ತಣ್ಣನೆಯ ತಟ್ಟೆಯಲ್ಲಿ ಮೊಗ್ಗು ಇಡಿಯಾಗಿ ನಾಲಿಗೆಗೆ ಸಿಗುತ್ತದೆ, ಹಾಗಾಗಿ ಪೂರ್ತಿ ನೆನೆದಿರಬೇಕು. ಟೊಮೆಟೊ ಸಾಸಿಗಾದರೆ ಸ್ವಲ್ಪ ಉಪ್ಪು ಉಳಿದಿರಲಿ, ಅದು ಸಾಸಿಗೇ ಇಳಿಯುತ್ತದೆ. ಬದಲಿಗೆ ಉಳಿದೆಡೆ ಉಪ್ಪು ಕಡಿಮೆ ಮಾಡಿ. ಟೊಮೆಟೊ, ಆಲಿವ್, ಕೇಪರ್ ಹಾಕುವ ಪಾಸ್ತಾ ಪುಟ್ಟಾನೆಸ್ಕಾದ ಲೆಕ್ಕ ನಾಲ್ವರಿಗೆ ಹೇಳುವುದಾದರೆ: 400 ಗ್ರಾಂ ಸ್ಪಾಗೆಟಿ, 400 ಗ್ರಾಂ ಟೊಮೆಟೊ, 80 ಗ್ರಾಂ ಕಪ್ಪು ಆಲಿವ್, ಐದು ಆಂಚೊವಿ (ಉಪ್ಪಿನಲ್ಲಿಟ್ಟ ಸಣ್ಣ ಮೀನು), ನೆನೆಸಿ ಹಿಂಡಿದ ಕೇಪರ್ 30 ಗ್ರಾಂ. ತೂಕ ಯಾವಾಗಲೂ ನೆನೆಸಿದ ಮೇಲಿನದು, ಏಕೆಂದರೆ ಪೊಟ್ಟಣದಿಂದ ಪೊಟ್ಟಣಕ್ಕೆ ಉಪ್ಪಿನ ಪಾಲು ಬೇರೆ. ಪಾಸ್ತಾ ಬೇಯಿಸುವ ನೀರಿಗೆ ಸಾಮಾನ್ಯವಾಗಿ ಲೀಟರಿಗೆ 10 ಗ್ರಾಂ ಉಪ್ಪು ಹಾಕುವವರು ಇಲ್ಲಿ 6 ಗ್ರಾಂಗೆ ಇಳಿಸಿ. ಸಾಸಿಗೆ ಬೇರೆ ಉಪ್ಪು ಬೇಡ. ಪಾಸ್ತಾ ಸೇರಿಸಿ, ಅದರ ನೀರು ಒಂದು ಸೌಟು ಬಿಟ್ಟು ಬಾಡಿಸಿದ ಮೇಲೆ ರುಚಿ ನೋಡಿ, ಬೇಕಾದರೆ ಮಾತ್ರ ಚಿಟಿಕೆ.

ಕೇಪರನ್ನು ಎರಡು ಸಲ ಹಾಕುವುದು ನನಗೆ ಸರಿಯೆನಿಸುತ್ತದೆ. ಮೂರರಲ್ಲೊಂದು ಪಾಲನ್ನು ಕೊಚ್ಚಿ ಬೆಳ್ಳುಳ್ಳಿ, ಆಂಚೊವಿ ಜೊತೆ ಎಣ್ಣೆಗೆ, ಉಳಿದದ್ದನ್ನು ಇಳಿಸುವ ಎರಡು ನಿಮಿಷ ಮುಂಚೆ. ಮೊದಲನೆಯದು ಸಾಸಿಗೆ ಗಟ್ಟಿತನ ಕೊಡುತ್ತದೆ, ಎರಡನೆಯದು ಆ ಸಾಸಿವೆಯ ಚುರುಕು ಉಳಿಸುತ್ತದೆ. ಎಲ್ಲವನ್ನೂ ಮೊದಲೇ ಹಾಕಿ ಅರ್ಧ ಗಂಟೆ ಕುದಿಸಿದರೆ ಉಳಿಯುವುದು ಉಪ್ಪು ಮಾತ್ರ.

ಕರಿಯುವುದಾದರೆ ಬಟ್ಟೆಯ ಮೇಲೆ ಹರಡಿ ಒಂದು ಗಂಟೆ ಆರಿಸಿ. ಒದ್ದೆ ಕೇಪರ್ 180 ಡಿಗ್ರಿ ಎಣ್ಣೆಗೆ ಬಿದ್ದರೆ ಮುಖಕ್ಕೆ ಸಿಡಿಯುತ್ತದೆ. ಒಂದು ನಿಮಿಷದೊಳಗೆ ಮೊಗ್ಗು ಹೂವಿನಂತೆ ಬಿರಿಯುತ್ತದೆ, ಗುಳ್ಳೆ ಕಡಿಮೆಯಾದ ಕೂಡಲೇ ತೆಗೆಯಿರಿ. ಅಂಜಲ್ ಮೀನಿನ ತುಂಡಿನ ಮೇಲೆ ಬೆಣ್ಣೆ, ನಿಂಬೆರಸದ ಜೊತೆ ಇದು ಬಹಳ ಚೆನ್ನ. ಆದರೆ ಬೆಣ್ಣೆ ಉಪ್ಪಿಲ್ಲದ್ದೇ ಆಗಬೇಕು.

ವಿನಿಗರಿನ ಕೇಪರ್ ಎಂದು ಬರೆದ ಪಾಕಕ್ಕೆ ಉಪ್ಪಿನದ್ದನ್ನು ಬಳಸಿದರೆ ಹುಳಿ ಕಡಿಮೆ ಬೀಳುತ್ತದೆ. ಒಂದು ದೊಡ್ಡ ಚಮಚ ಕೇಪರಿಗೆ ಅರ್ಧ ಟೀ ಚಮಚ ನಿಂಬೆರಸ ಸೇರಿಸಿ ನೋಡಿ. ಇದರ ಉಲ್ಟಾ ಮಾಡುವುದು ಕಷ್ಟ, ಮೊಗ್ಗಿಗೆ ಹಿಡಿದ ವಿನಿಗರ್ ತೊಳೆದರೆ ಪೂರ್ತಿ ಬಿಡುವುದಿಲ್ಲ.

ಕೊನೆಗೆ ಶೇಖರಣೆ. ಗಾಳಿಯ ತೇವಾಂಶ ಸುಮಾರು 75% ದಾಟಿದರೆ ಉಪ್ಪು ನೀರೆಳೆದು ಕರಗುತ್ತದೆ, ಮಂಗಳೂರಿನ ಮಳೆಗಾಲದಲ್ಲಿ ಇದು ದಿನನಿತ್ಯದ ಸಂಗತಿ. ಗಾಜಿನ ಬಾಟಲಿ, ಬಿಗಿ ಮುಚ್ಚಳ, ಒಣ ಚಮಚ. ಲೋಹದ ಡಬ್ಬಿ ತುಕ್ಕು ಹಿಡಿಯುತ್ತದೆ. ತಳದಲ್ಲಿ ನೀರು ಕಂಡರೆ ಬಸಿದು ಹೊಸ ಕಲ್ಲುಪ್ಪು ತುಂಬಿ. ಮೊಗ್ಗಿನ ಮೇಲಿನ ಗಟ್ಟಿ ಬಿಳಿ ಚುಕ್ಕೆ ಬೂಷ್ಟಲ್ಲ, ರುಟಿನ್ ಎಂಬ ವಸ್ತು ಹರಳುಗಟ್ಟಿದ್ದು. ಹತ್ತಿಯಂತೆ ಮೆತ್ತಗೆ ಬೆಳೆದಿದ್ದರೆ ಅದು ಬೂಷ್ಟು, ಬಾಟಲಿಯನ್ನೇ ಎಸೆಯಿರಿ. ನೆನೆಸಿದ ಕೇಪರಿಗೆ ಉಪ್ಪಿನ ಕಾವಲಿಲ್ಲ. ಆಲಿವ್ ಎಣ್ಣೆಯಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟು ಮೂರು ದಿನದಲ್ಲಿ ಮುಗಿಸಿ. ಜರಡಿಯಿಂದ ಉದುರಿದ ಒಣ ಉಪ್ಪಿನಲ್ಲಿ ಕೇಪರಿನ ಘಮ ಇಳಿದಿರುತ್ತದೆ, ಆಲೂಗಡ್ಡೆ ಬೇಯಿಸುವ ನೀರಿಗೆ ಅದನ್ನೇ ಹಾಕಬಹುದು.