ಹಳೆ ಜವೆ, ಹೊಸ ಹಿಟ್ಟು: ವಸಂತದ ರೊಟ್ಟಿ ಕೊನೆಗೂ ಬಂತು

ಜವೆ (ಬಾರ್ಲಿ) ರೊಟ್ಟಿ ಹರಿಯದೆ ಹಂಚಿನ ಮೇಲೆ ಕೂತಿತು. ಉಬ್ಬಿತು ಕೂಡ! ಚೈತ್ರ ಶುರುವಾದಾಗಿಂದ ಇದರ ಹಿಂದೆ ಬಿದ್ದಿದ್ದೆ.

ಋತುಚರ್ಯೆ, ಅಂದರೆ ಋತುವಿಗೆ ತಕ್ಕಂತೆ ಉಣ್ಣುವ ಆಯುರ್ವೇದದ ಕ್ರಮ, ಅದರ ಪ್ರಕಾರ ಅಡುಗೆ ಮಾಡುವವರಿಗೆ ಹಿನ್ನೆಲೆ ಗೊತ್ತೇ ಇದೆ. ಚಳಿಗಾಲದಲ್ಲಿ ಸೇರಿಕೊಂಡ ಕಫ ವಸಂತದ ಬಿಸಿಲಿಗೆ ಕರಗಿ ಜಠರಾಗ್ನಿಯನ್ನು ಮಂದ ಮಾಡುತ್ತದೆ. ಅದಕ್ಕೇ ಕಹಿ, ಖಾರ, ಒಗರು ಜಾಸ್ತಿ. ಸಿಹಿ, ಹುಳಿ, ಜಿಡ್ಡು ಕಮ್ಮಿ. ಹಾಗಲಕಾಯಿ ಪಲ್ಯ, ಹುರಳಿ ಸಾರು ಎಲ್ಲ ಸಲೀಸು. ತಲೆನೋವು ಧಾನ್ಯದ್ದು. ಅಷ್ಟಾಂಗಹೃದಯ ಬರೆದ ಆಯುರ್ವೇದದ ಆಚಾರ್ಯ ವಾಗ್ಭಟ ಹೇಳುವುದು ಹಳೆಯ ಜವೆ, ಹಳೆಯ ಗೋಧಿ. ಹೊಸ ಧಾನ್ಯ ಹೊಟ್ಟೆಗೆ ಭಾರ, ವರ್ಷ ಕಳೆದದ್ದು ಹಗುರ.

ಆದರೆ ಜವೆ ಹಿಂಗಾರು ಬೆಳೆ. ರಾಜಸ್ಥಾನ, ಉತ್ತರ ಪ್ರದೇಶದ ಕಡೆ ಅಕ್ಟೋಬರ್, ನವೆಂಬರಿನಲ್ಲಿ ಬಿತ್ತಿ ಮಾರ್ಚ್, ಏಪ್ರಿಲ್‌ನಲ್ಲಿ ಕೊಯ್ಯುತ್ತಾರೆ. ಅಂದರೆ ನಮಗೆ ಹಳೇದು ಬೇಕಾದ ಹೊತ್ತಿಗೇ ಹೊಸ ಮಾಲು ಇಳಿಯುತ್ತದೆ. ಪ್ಯಾಕೆಟ್ ಮೇಲೆ ಪ್ಯಾಕ್ ಮಾಡಿದ ತಾರೀಖು ಇರುತ್ತದೆ, ಕೊಯ್ದ ತಾರೀಖು ಇರಲ್ಲ. ಅಂಗಡಿಯಲ್ಲಿ ಹಳೆ ಬಾರ್ಲಿ ಇದೆಯಾ ಅಂತ ಕೇಳಿದರೆ, "ಹಳೇ ಮಾಲು ನಾವು ಇಡೋದೇ ಇಲ್ಲ ಸಾರ್, ಎಲ್ಲಾ ಫ್ರೆಶ್" ಅಂತ ಬೇಜಾರು ಮಾಡಿಕೊಂಡರು. ಆನ್‌ಲೈನ್‌ನಲ್ಲಿ ಒಬ್ಬರು ತೌಡು ಸಮೇತ ಅಂತ ಬರೆದು, ಮುತ್ತಿನ ಹಾಗೆ ಪಾಲಿಶ್ ಮಾಡಿದ್ದನ್ನು ಕಳಿಸಿದರು. ಕೊನೆಗೆ ಕೈಹಿಡಿದದ್ದು ಗ್ರಂಥಿಗೆ ಅಂಗಡಿಯ ಹೋಮದ ಜವೆ. ಹೋದ ವರ್ಷದ ಯುಗಾದಿಗೆ ತಂದು, ಒಣಗಿದ ಬೇವಿನೆಲೆ ಹಾಕಿ ಡಬ್ಬದಲ್ಲಿಟ್ಟಿದ್ದೆ. ಒಂದು ಹುಳ ಬಿದ್ದಿರಲಿಲ್ಲ.

ಸಿಪ್ಪೆ ಬಿಡಿಸಲು ಕುಟ್ಟುವುದು, ಕೇರುವುದು ಎಲ್ಲ ನಿಮಗೆ ಗೊತ್ತಿರುವುದೇ. ಅಸಲಿ ಕಾಟ ತಟ್ಟುವಾಗ. ನಡುವೆ ಚೆನ್ನಾಗಿ ಹರಡುತ್ತಿತ್ತು, ಅಂಚಿಗೆ ಬರುತ್ತಿದ್ದಂತೆ ಬೆರಳುದ್ದ ಬಿರುಕು. ನೀರು ಜಾಸ್ತಿ ಮಾಡಿದರೆ ಮಣೆಗೆ ಅಂಟುತ್ತಿತ್ತು, ಕಮ್ಮಿ ಮಾಡಿದರೆ ಪುಡಿಪುಡಿ. ಗೋಧಿ ಹಿಟ್ಟು ಬೆರೆಸಿ ಅಂತ ಎಲ್ಲರ ಸಲಹೆ. ಹಳೆಯ ಗೋಧಿಗೂ ವಸಂತದಲ್ಲಿ ಜಾಗ ಇದೆ, ನಿಜ. ಆದರೆ ಜವೆಯ ಆ ಒಗರು ರುಚಿ ಶುದ್ಧವಾಗಿ ಬೇಕಿತ್ತು ನನಗೆ.

ಪಕ್ಕದ ಮನೆಯ ಬಾಗಲಕೋಟೆಯ ಅಕ್ಕ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದರು. "ಇದಕ್ಕ ಜಿಗೀನ ಇಲ್ರಿ. ಯಾವಾಗ ಬೀಸಿಸಿದ್ರಿ?" ಅಂದರು. ಅಲ್ಲೇ ಗಂಟು ಬಿಚ್ಚಿತು. ಹಳೇದಿರಬೇಕಾದ್ದು ಕಾಳು, ಹಿಟ್ಟಲ್ಲ! ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಜವೆಯಲ್ಲಿ ಗೋಧಿಯಷ್ಟು ಗಟ್ಟಿ ಇಲ್ಲ, ಬೀಸಿಟ್ಟ ಹಿಟ್ಟು ದಿನ ಕಳೆದಂತೆ ಇರುವ ಜಿಗಿಯನ್ನೂ ಕಳಕೊಳ್ಳುತ್ತದೆ. ಗಿರಣಿಯವರು ಒಂದು ಪಾವು ಕಾಳಿಗೆ ಮಷಿನ್ ಹಾಕಲ್ಲ. ಹಾಕಿದರೂ ಹಿಂದಿನವರ ರಾಗಿ ಸೇರಿಕೊಂಡು ಬರುತ್ತದೆ. ಹಾಗಾಗಿ ರೊಟ್ಟಿ ಮಾಡುವ ದಿನವೇ ಮಿಕ್ಸಿಯಲ್ಲಿ ಬೀಸಿ, ಸಣ್ಣ ಜರಡಿ ಹಿಡಿದೆ. ಉಳಿದಿದ್ದ ಸಿಪ್ಪೆಯ ಚೂರು ಜರಡಿಯಲ್ಲಿ ನಿಂತವು. ಅಂಚನ್ನು ಕೊಯ್ಯುತ್ತಿದ್ದವು ಅವೂ ಹೌದು.

ಆಮೇಲೆ ಎಸರು. ಒಂದು ಲೋಟ ಹಿಟ್ಟಿಗೆ ಹೆಚ್ಚುಕಮ್ಮಿ ಒಂದು ಲೋಟ ನೀರು, ಉಪ್ಪು. ಕುದಿಯುವಾಗಲೇ ಹಿಟ್ಟು ಸುರಿದು, ಒಲೆ ಆರಿಸಿ, ಮುಚ್ಚಿಟ್ಟೆ. ಕೈ ಸಹಿಸುವಷ್ಟು ಬಿಸಿ ಇರುವಾಗಲೇ ನಾದಿದೆ. ಮೊದಲು ಲೋಳೆ ಲೋಳೆ, ನಾದುತ್ತಾ ಹೋದಂತೆ ಬಿಗಿಯಾಗಿ ಕೈ ಬಿಡಿಸಿಕೊಂಡಿತು. ತಟ್ಟುವಾಗ ಎಡಗೈ ಅಂಚಿಗೆ ಆನಿಸಿಟ್ಟರೆ ಬಿರುಕಿಲ್ಲ. ಹುರಳಿ ಸಾರಿನ ಜೊತೆ ಆ ರೊಟ್ಟಿ, ಆಹಾ! ಕೊನೆಯದಕ್ಕೆ ತುಡುವೆ ಜೇನು ಸವರಿಕೊಂಡೆ. ಆಯುರ್ವೇದದ ಪ್ರಕಾರ ಜೇನು ಬಿಸಿಯಾಗಬಾರದು ಅಲ್ವಾ, ರೊಟ್ಟಿ ಪೂರ್ತಿ ಆರಲಿ.

ಮುಂದಿನದು ನೀರು. ವಸಂತಕ್ಕೆ ಶುಂಠಿ ನೀರು, ಕೊನ್ನಾರಿ ಗಡ್ಡೆ ನೀರು, ಜೇನು ನೀರಿನ ಜೊತೆಗೆ ಮರದ ಚೇಗು (ಒಳಗಿನ ಗಟ್ಟಿ ತಿರುಳು) ಕುದಿಸಿದ ನೀರೂ ಇದೆ. ಅದಕ್ಕೆ ಹೊನ್ನೆ ಮರದ ಚೇಗು ಹಾಕಬೇಕು ಅಂತಿದ್ದೇನೆ. ಹೊನ್ನೆ ಚಕ್ಕೆ ನೆನೆಸಿದ ನೀರನ್ನು ಬೆಳಕಿಗೆ ಹಿಡಿದರೆ ನೀಲಿ ಮಿಂಚುತ್ತದೆ, ನೋಡಿದ್ದೀರಾ? ಒಳ್ಳೆಯ ಚೇಗಿನ ಚಕ್ಕೆ ಸಿಗುವ ಜಾಗ ಗೊತ್ತಿದ್ದವರು ದಯವಿಟ್ಟು ತಿಳಿಸಿ. ಪಾಲಿಶ್ ಹೊಡೆದ ಹೊನ್ನೆ ಮರದ ಲೋಟ ಮಾತ್ರ ಬೇಡ.