ಕೀ ಒತ್ತಿದರೂ ಇಳಿಯದ ಬೆಳಕು

ಹಾಸನ, 14 ಜುಲೈ 2024, ಭಾನುವಾರ

ಕೀ ಒತ್ತಿದರೆ ಬ್ರೈಟ್‌ನೆಸ್ ಪಟ್ಟಿ ಸರಿಯಾಗಿಯೇ ಇಳಿಯುತ್ತದೆ. ಪರದೆಯ ಬೆಳಕು ಮಾತ್ರ ಒಂಚೂರೂ ಕಡಿಮೆಯಾಗುವುದಿಲ್ಲ. ಪಕ್ಕದ ಮನೆ ಮೇಷ್ಟ್ರ ಹಳೇ ಲ್ಯಾಪ್‌ಟಾಪ್ ಇದು. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿದಾಗಿನಿಂದ ಹೀಗೇ ಅಂತೆ. ಈ ಮಳೆಗೆ ಕರೆಂಟ್ ಬೇರೆ ಹೋಗ್ತಾ ಬರ್ತಾ ಇದೆ. ಪೂರ್ತಿ ಬೆಳಕಿನಲ್ಲಿ ಬ್ಯಾಟರಿ ಎಷ್ಟು ಹೊತ್ತು ಬಂದೀತು? “ಪ್ಯಾನೆಲ್ ಹೋಗಿದೆ, ಹೊಸದು ಹಾಕಿಸ್ಬೇಕು ಅಂದ್ರು ಕಣಪ್ಪ ಅಂಗಡೀಲಿ” ಅಂದರು. “ತಡೀರಿ ಸಾರ್, ದುಡ್ಡು ಕೊಡೋ ಮುಂಚೆ ನಾನೊಂದ್ಸಲ ನೋಡ್ತೀನಿ” ಅಂದೆ.

ಪರದೆಯ ಹಿಂದಿನ ದೀಪ, ಅಂದ್ರೆ ಬ್ಯಾಕ್‌ಲೈಟ್, ಅದರ ಫೋಲ್ಡರ್ ತೆರೆದರೆ ಒಂದೇ ಪರದೆಗೆ 2 ಹೆಸರು. ಒಂದು ಎಸಿಪಿಐ ವಿಡಿಯೊ, ಅದು ಫರ್ಮ್‌ವೇರ್ (ತಯಾರಕರೇ ಲ್ಯಾಪ್‌ಟಾಪ್ ಒಳಗೆ ಹಾಕಿಕೊಟ್ಟ ಮೂಲ ಸಾಫ್ಟ್‌ವೇರ್) ಮೂಲಕ ಹೋಗುತ್ತದೆ. ಇನ್ನೊಂದು ಇಂಟೆಲ್ ಬ್ಯಾಕ್‌ಲೈಟ್, ಅದು ನೇರವಾಗಿ ಗ್ರಾಫಿಕ್ಸ್ ಚಿಪ್‌ಗೆ. ಕೀ ಒತ್ತಿದಾಗೆಲ್ಲ ಬದಲಾಗುತ್ತಿದ್ದದ್ದು ಮೊದಲನೆಯದರ ಅಂಕಿ. ಫರ್ಮ್‌ವೇರ್ ಹೂಂ ಅನ್ನುತ್ತದೆ, ಕೆಲಸ ಮಾಡುವುದಿಲ್ಲ. ಎರಡನೆಯದರ ಗರಿಷ್ಠ 937 ಅಂತ ತೋರಿಸಿತು. ಅಲ್ಲಿ 300 ಬರೆದು ಎಂಟರ್ ಒತ್ತಿದೆ. ತಕ್ಷಣ ಪರದೆ ಮಂದವಾಯಿತು. ಪ್ಯಾನೆಲ್‌ಗೆ ಏನೂ ಆಗಿರಲಿಲ್ಲ.

ಫರ್ಮ್‌ವೇರ್‌ಗಳ ಅವತಾರ ಒಂದೆರಡಲ್ಲ. ಎಸಿಪಿಐ ಅಂದ್ರೆ ಫರ್ಮ್‌ವೇರ್ ಮತ್ತು ಆಪರೇಟಿಂಗ್ ಸಿಸ್ಟಮ್ ಮಾತಾಡಿಕೊಳ್ಳುವ ನಿಯಮಾವಳಿ; ಅದರ ಪ್ರಕಾರ ಅವು ಬೆಳಕಿನ ಮಟ್ಟಗಳ ಪಟ್ಟಿ ಕೊಡಬೇಕು. ಮೊದಲ 2 ಅಂಕಿ ಚಾರ್ಜರ್ ಹಾಕಿದಾಗ ಎಷ್ಟು, ಬ್ಯಾಟರಿಯಲ್ಲಿ ಎಷ್ಟು ಅನ್ನೋದಕ್ಕೆ. ಕೆಲವು ಆ ಎರಡನ್ನೇ ಬಿಟ್ಟಿರುತ್ತವೆ. ಕೆಲವು ಪಟ್ಟಿಯನ್ನೇ ಉಲ್ಟಾ ಕೊಡುತ್ತವೆ. ಈಗ ಬೆಳಕು ಎಷ್ಟಿದೆ ಅಂತ ಕೇಳಿದರೆ, ಪಟ್ಟಿಯಲ್ಲಿ ಅದು ಎಷ್ಟನೇದು ಅಂತ ಹೇಳುವವೂ ಇವೆ! ಲಿನಕ್ಸ್ ಡ್ರೈವರ್ ಇದನ್ನೆಲ್ಲ ಒಂದೊಂದಾಗಿ ಪತ್ತೆಹಚ್ಚಿ ಸರಿಮಾಡಿಕೊಳ್ಳುತ್ತದೆ. ಆ ಕೋಡ್ ಓದಿದರೆ ಬರೆದವರ ತಾಳ್ಮೆಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

2012ರ ವಿಂಡೋಸ್ 8 ನಂತರದ ಲ್ಯಾಪ್‌ಟಾಪ್‌ಗಳಲ್ಲಿ ಕರ್ನಲ್ (ಲಿನಕ್ಸ್‌ನ ತಿರುಳು) ಸಾಮಾನ್ಯವಾಗಿ ಗ್ರಾಫಿಕ್ಸ್ ಚಿಪ್‌ನ ದಾರಿಯನ್ನೇ ಹಿಡಿಯುತ್ತದೆ. ಮೇಷ್ಟ್ರದ್ದು ಅದಕ್ಕಿಂತ ಹಳೆಯದು. ಅದಕ್ಕೇ ಕರ್ನಲ್ ಫರ್ಮ್‌ವೇರ್ ಮಾತನ್ನು ನಂಬಿಕೊಂಡಿತ್ತು.

ಲ್ಯಾಪ್‌ಟಾಪ್ ಆನ್ ಆಗುವಾಗ ಕರ್ನಲ್ ಅನ್ನು ಶುರುಮಾಡುವ ಗ್ರಬ್‌ನಲ್ಲಿ ‘ಎಸಿಪಿಐ ಬ್ಯಾಕ್‌ಲೈಟ್’ ಆಯ್ಕೆಗೆ ‘ನೇಟಿವ್’ (ಅಂದ್ರೆ ನೇರ ಚಿಪ್‌ನ ದಾರಿ) ಅಂತ ಕೊಟ್ಟು ರೀಸ್ಟಾರ್ಟ್ ಮಾಡಿದೆ. ಈಗ ಕೀ ಒತ್ತಿದರೆ ಬೆಳಕು ಏರುತ್ತದೆ, ಇಳಿಯುತ್ತದೆ. ಮೇಷ್ಟ್ರಿಗೆ ಇಷ್ಟು ಸಾಕು. ನನಗೆ ಸಾಲದು. ಕರ್ನಲ್‌ನಲ್ಲಿ ಇಂಥ ಲ್ಯಾಪ್‌ಟಾಪ್‌ಗಳ ಪಟ್ಟಿಯೇ ಇದೆ. ತಯಾರಕರ ಹೆಸರು, ಮಾಡೆಲ್ ಹೆಸರು ಹೊಂದಿದರೆ ಸರಿಯಾದ ದಾರಿಯನ್ನು ಅದೇ ಹಿಡಿಯುತ್ತದೆ. ಈ ಮಾಡೆಲ್ ಅದರಲ್ಲಿಲ್ಲ. ಸೇರಿಸಿದರೆ ಇದೇ ಲ್ಯಾಪ್‌ಟಾಪ್ ಇಟ್ಟುಕೊಂಡಿರುವ ಬೇರೆಯವರೂ ಸುಮ್ನೆ ಪ್ಯಾನೆಲ್‌ಗೆ ದುಡ್ಡು ಸುರಿಯುವುದು ತಪ್ಪುತ್ತದೆ, ಅಲ್ವಾ?

ಆ ಸೇರ್ಪಡೆಯನ್ನು ಕರ್ನಲ್ ನೋಡಿಕೊಳ್ಳುವವರಿಗೆ ಕಳಿಸುವ ಮುಂಚೆ ಹೊಸ ಕರ್ನಲ್‌ನಲ್ಲೂ ನೋಡಬೇಕು. 6.1ನೇ ಆವೃತ್ತಿಯಿಂದ ಈಚೆಗೆ ಒಂದು ಪರದೆಗೆ ಒಂದೇ ಹೆಸರು ತೋರಿಸುತ್ತದೆ. ಅಲ್ಲಿ ತಪ್ಪು ದಾರಿ ಹಿಡಿದರೆ ಸರಿಯಾದದ್ದು ಕಣ್ಣಿಗೇ ಬೀಳುವುದಿಲ್ಲ. ಮುಚ್ಚಳ ಮುಚ್ಚಿ ತೆರೆದ ಮೇಲೂ ಬೆಳಕು ಹಾಗೇ ಉಳಿಯುತ್ತದಾ ಅನ್ನೋದೂ ಬಾಕಿ ಇದೆ. ಇನ್ನೊಂದೆರಡು ದಿನ ಲ್ಯಾಪ್‌ಟಾಪ್ ನನ್ನ ಹತ್ತಿರವೇ ಇರಲಿ ಅಂತ ಮೇಷ್ಟ್ರು ಬಿಟ್ಟುಹೋಗಿದ್ದಾರೆ.